ಹಳೆಯ ಗಡಿಯಾರಕ್ಕೆ ಹೊಸ ಮುಖ ಬೇಡ

ನಾಣ್ಯಗಳನ್ನೂ ಅಂಚೆಚೀಟಿಗಳನ್ನೂ ಕೂಡಿಡುವ ಹವ್ಯಾಸ ನಮ್ಮ ವಿದ್ಯಾರ್ಥಿಗಳಿಗೆ ಹೊಸದಲ್ಲ. ಈಚಿನ ವರ್ಷಗಳಲ್ಲಿ ಆ ಸಾಲಿಗೆ ಹಳೆಯ ಕೈಗಡಿಯಾರಗಳ ಸಂಗ್ರಹವೂ ಸೇರಿಕೊಂಡಿದೆ. ಅವುಗಳಲ್ಲಿಯೂ ಸ್ವಿಟ್ಜರ್ಲೆಂಡಿನಲ್ಲಿ ತಯಾರಾದ, ತೊಟ್ಟವರ ಕೈಯ ಚಲನೆಯಿಂದಲೇ ಕೀಲಿ ಕೊಟ್ಟುಕೊಳ್ಳುವ, ‘ಆಟೋಮ್ಯಾಟಿಕ್’ ಎಂದು ಹೆಸರಾದ ಬೆಲೆಬಾಳುವ ಗಡಿಯಾರಗಳಿಗೆ ಸಂಗ್ರಾಹಕರಲ್ಲಿ ವಿಶೇಷ ಮನ್ನಣೆಯಿದೆ. ಮನ್ನಣೆ ಇದ್ದಲ್ಲಿ ಬೇಡಿಕೆ, ಬೇಡಿಕೆ ಇದ್ದಲ್ಲಿ ವ್ಯಾಪಾರ. ಇದು ಲೋಕದ ರೂಢಿ. ಆದರೆ ಈ ವ್ಯಾಪಾರದ ಬೆನ್ನಿಗೆ ಅಂಟಿಕೊಂಡು ಒಂದು ಕೆಟ್ಟ ಪದ್ಧತಿಯೂ ಬೆಳೆದಿದೆ. ಮಾಸಿದ ಡಯಲಿನ ಬಣ್ಣವನ್ನು ಕೆರೆದು ತೆಗೆದು ಹೊಸ ಬಣ್ಣ ಬಳಿಯುವುದು, ಅಂಕಿಗಳನ್ನೂ ಕಂಪನಿಯ ಹೆಸರನ್ನೂ ಮತ್ತೆ ಅಚ್ಚೊತ್ತುವುದು, ಕವಚವನ್ನು ಅದರ ಅಂಚುಗಳು ಸವೆಯುವವರೆಗೆ ಉಜ್ಜಿ ಹೊಳೆಯಿಸುವುದು, ಬಳಿಕ ‘ಅರುವತ್ತು ವರ್ಷದ ಗಡಿಯಾರ, ನಿನ್ನೆ ಕೊಂಡಂತಿದೆ’ ಎಂದು ಮಾರುವುದು—ಇದೇ ಆ ಪದ್ಧತಿ. ಹಳೆಯ ಗಡಿಯಾರಕ್ಕೆ ಹೀಗೆ ಹೊಸ ಮುಖ ತೊಡಿಸಿದಾಗ ಅದು ಉಳಿದಂತೆ ಕಾಣುತ್ತದೆ. ವಾಸ್ತವವಾಗಿ ಅದರ ಸಾಕ್ಷ್ಯವೆಲ್ಲ ಅಳಿದುಹೋಗುತ್ತದೆ. ಈ ಪದ್ಧತಿಯನ್ನು ನಿಲ್ಲಿಸಬೇಕೆಂಬುದೇ ಪ್ರಸ್ತುತ ಲೇಖನದ ವಾದ.

ದುಬಾರಿ ಸ್ವಿಸ್ ಗಡಿಯಾರಗಳ ಮಾತು ರಾಯಚೂರು ಜಿಲ್ಲೆಯ ಸಿರವಾರದ ವಿದ್ಯಾರ್ಥಿಗೆ ಏಕೆ ಬೇಕು ಎಂದು ಯಾರಾದರೂ ಕೇಳಬಹುದು. ಕೃಷ್ಣಾ–ತುಂಗಭದ್ರಾ ನದಿಗಳ ನಡುವಣ ಆ ಸೀಮೆಯಲ್ಲಿ ಬೇಸಗೆಯ ಬಿಸಿಲು ನಲವತ್ತು ಡಿಗ್ರಿ ಸೆಲ್ಸಿಯಸನ್ನು ದಾಟುವುದು ಸಾಮಾನ್ಯ ಸಂಗತಿ. ಗಾಳಿ ಬೀಸಿದರೆ ಹೊಲದ ಧೂಳು ಮನೆಯ ಒಳಕೋಣೆಯವರೆಗೂ ಬರುತ್ತದೆ. ಕೈಗಡಿಯಾರದ ಹಳೆಯ ವೈರಿಗಳೆಂದರೆ ಈ ಎರಡೇ: ಧೂಳು ಮತ್ತು ತಾಪದ ಏರಿಳಿತ. ಇವನ್ನು ಗೆಲ್ಲುವುದಕ್ಕಾಗಿ ನಡೆದ ಪ್ರಯತ್ನಗಳ ಫಲವನ್ನೇ ನಾವು ಇಂದು ಆಟೋಮ್ಯಾಟಿಕ್ ಗಡಿಯಾರದಲ್ಲಿ ಕಾಣುತ್ತೇವೆ. ಆದುದರಿಂದ ಅದರ ಕಥೆ ಹಿಮಪರ್ವತಗಳ ನಾಡಿನವರಿಗಿಂತ ಬಿಸಿಲು ಸೀಮೆಯವರಿಗೇ ಹೆಚ್ಚು ಬೇಗ ಅರ್ಥವಾಗಬೇಕು. ಇನ್ನೊಂದು ಕಾರಣವೂ ಉಂಟು. ಹಳೆಯ ಗುರುತುಗಳನ್ನು ಏಕೆ ತಿದ್ದಬಾರದು ಎಂಬುದಕ್ಕೆ ಇಡೀ ಭಾರತದಲ್ಲಿಯೇ ಅತ್ಯುತ್ತಮವಾದ ನಿದರ್ಶನವೊಂದು ಇದೇ ಜಿಲ್ಲೆಯಲ್ಲಿದೆ. ಅದನ್ನು ಮುಂದೆ ಹೇಳುವೆವು.

ಯಾಂತ್ರಿಕ ಕೈಗಡಿಯಾರದೊಳಗೆ ಮುಖ್ಯವಾಗಿ ಎರಡು ಸುರುಳಿಗಳಿರುತ್ತವೆ. ದೊಡ್ಡದು ಶಕ್ತಿಯನ್ನು ಕೂಡಿಡುವ ಉಕ್ಕಿನ ಪಟ್ಟಿ. ಕೀಲಿ ಕೊಟ್ಟಾಗ ಬಿಗಿಯುವುದು ಇದೇ. ಅದು ಮೆಲ್ಲಗೆ ಬಿಚ್ಚಿಕೊಳ್ಳುತ್ತ ಹಲ್ಲಿನ ಗಾಲಿಗಳನ್ನು ತಿರುಗಿಸುತ್ತದೆ. ಚಿಕ್ಕದು ಕೂದಲೆಳೆಯಷ್ಟು ತೆಳುವಾದ ಹೇರ್‌ಸ್ಪ್ರಿಂಗ್. ಇದು ಬ್ಯಾಲೆನ್ಸ್ ಚಕ್ರವನ್ನು ಹಿಂದಕ್ಕೂ ಮುಂದಕ್ಕೂ ಸಮವಾದ ಕಾಲಾವಧಿಯಲ್ಲಿ ತೂಗುವಂತೆ ಮಾಡಿ, ಶಕ್ತಿ ಒಮ್ಮೆಲೇ ಹರಿದುಹೋಗದಂತೆ ಲೆಕ್ಕವಿಟ್ಟು ಬಿಡುತ್ತದೆ. ಹಳೆಯ ಗಡಿಯಾರಗಳಲ್ಲಿ ಬಹಳಷ್ಟು ಗಂಟೆಗೆ ೧೮,೦೦೦ ಬಾರಿ ‘ಟಿಕ್’ ಎನ್ನುವಂತಹವು. ಎಂದರೆ ದಿನಕ್ಕೆ ೪,೩೨,೦೦೦ ಬಾರಿ. ಒಂದು ದಿನದಲ್ಲಿ ೮೬,೪೦೦ ಸೆಕೆಂಡುಗಳಿವೆ. ಗಡಿಯಾರವು ದಿನಕ್ಕೆ ಹತ್ತು ಸೆಕೆಂಡು ತಪ್ಪಿದರೂ ಅದರ ದೋಷ ಹತ್ತು ಸಾವಿರಕ್ಕೆ ಒಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೆ. ಬೆರಳ ತುದಿಯಲ್ಲಿ ಹಿಡಿಯಬಹುದಾದ ಯಂತ್ರವೊಂದು ಹಗಲಿರುಳೂ ಇಂತಹ ನಿಖರತೆಯಿಂದ ದುಡಿಯುವುದು ಸಾಧಾರಣ ಸಂಗತಿಯಲ್ಲ.

ಕೈಯ ಚಲನೆಯಿಂದ ಕೀಲಿ ತುಂಬುವ ಉಪಾಯ ಬಹಳ ಹಳೆಯದು. ಸ್ವಿಟ್ಜರ್ಲೆಂಡಿನ ಲ ಲೋಕ್ಲ್ ಪಟ್ಟಣದ ಅಬ್ರಹಾಂ ಲೂಯಿ ಪೆರ್ಲೆ ಎಂಬ ಕುಶಲಕರ್ಮಿಯು ೧೭೭೦ರ ದಶಕದಲ್ಲಿಯೇ ಅಂತಹ ಜೇಬು ಗಡಿಯಾರವನ್ನು ರಚಿಸಿದನೆಂದು ಸಾಮಾನ್ಯವಾಗಿ ಹೇಳುವರು. ಆದರೆ ಜೇಬಿನಲ್ಲಿ ಸುಮ್ಮನೆ ಕುಳಿತಿರುವ ಗಡಿಯಾರಕ್ಕೆ ಚಲನೆ ಎಲ್ಲಿಂದ ಬರಬೇಕು? ಗಡಿಯಾರವು ಮಣಿಕಟ್ಟಿಗೆ ಏರಿದ ಮೇಲೆಯೇ ಆ ಉಪಾಯಕ್ಕೆ ಬೆಲೆ ಬಂದಿತು. ಮೊದಲನೆಯ ಮಹಾಯುದ್ಧದ ತರುವಾಯ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಗಡಿಯಾರಗಳ ದುರಸ್ತಿ ಮಾಡುತ್ತಿದ್ದ ಜಾನ್ ಹಾರ್ವುಡ್ ಎಂಬಾತನು ಒಂದು ವಿಷಯವನ್ನು ಗಮನಿಸಿದನು. ಕೀಲಿ ಕೊಡುವ ಗುಬುಟಿನ ಕಡ್ಡಿ ಹಾದುಬರುವ ರಂಧ್ರದ ಮೂಲಕವೇ ಧೂಳೂ ತೇವವೂ ಒಳಹೊಕ್ಕು ಯಂತ್ರವನ್ನು ಕೆಡಿಸುತ್ತಿದ್ದವು. ಹಾಗಾದರೆ ಆ ಗುಬುಟನ್ನೇ ತೆಗೆದುಹಾಕಿದರೆ ಹೇಗೆ? ಹಾರ್ವುಡ್‌ಗೆ ೧೯೨೪ರಲ್ಲಿ ಸ್ವಿಸ್ ಪೇಟೆಂಟ್ ದೊರೆಯಿತು. ಅವನ ಗಡಿಯಾರದಲ್ಲಿ ಒಂದು ತೂಕದ ತುಂಡು ಕೈ ಅಲುಗಿದಂತೆಲ್ಲ ಅತ್ತಿತ್ತ ತೂಗಿ ದೊಡ್ಡ ಸುರುಳಿಯನ್ನು ಬಿಗಿಯುತ್ತಿತ್ತು. ಗಾಜಿನ ಸುತ್ತಲಿನ ಬಳೆಯನ್ನು ತಿರುಗಿಸಿ ಮುಳ್ಳುಗಳನ್ನು ಸರಿಪಡಿಸಬೇಕಾಗಿತ್ತು. ಆಟೋಮ್ಯಾಟಿಕ್ ಕೈಗಡಿಯಾರವು ಸೋಮಾರಿಗಳ ಅನುಕೂಲಕ್ಕಾಗಿ ಹುಟ್ಟಿತೆಂದು ಭಾವಿಸುವವರು ಇದನ್ನು ನೆನಪಿಡಬೇಕು. ಹಾರ್ವುಡ್‌ನ ಆಲೋಚನೆಗೆ ಹಾದಿ ತೋರಿದ್ದು ಧೂಳು.

೧೯೩೧ರಲ್ಲಿ ರೋಲೆಕ್ಸ್ ಕಂಪನಿಯು ಇಡೀ ಸುತ್ತು ಸುತ್ತಬಲ್ಲ ಅರ್ಧಚಂದ್ರಾಕಾರದ ತೂಕವನ್ನು, ನೀರು ಧೂಳು ಹೋಗದ ಕವಚದೊಳಗೆ ಅಳವಡಿಸಿತು. ‘ರೋಟರ್’ ಎಂಬ ಹೆಸರಿನ ಆ ಅರ್ಧಚಂದ್ರವೇ ಇಂದಿಗೂ ಆಟೋಮ್ಯಾಟಿಕ್ ಗಡಿಯಾರದ ಗುರುತು. ೧೯೪೮ರಲ್ಲಿ ಎಟರ್ನಾ ಕಂಪನಿಯು ರೋಟರನ್ನು ಐದು ಪುಟ್ಟ ಗುಂಡುಗಳ ಬೇರಿಂಗಿನ ಮೇಲೆ ಕೂರಿಸಿ ಘರ್ಷಣೆಯನ್ನು ತಗ್ಗಿಸಿತು. ಸುರುಳಿ ಪೂರ್ಣವಾಗಿ ಬಿಗಿದ ಮೇಲೆಯೂ ಕೈ ಆಡುತ್ತಲೇ ಇರುತ್ತದಲ್ಲ, ಆಗ ಅದು ಮುರಿಯುವುದಿಲ್ಲವೆ ಎಂಬ ಸಂದೇಹ ಬರಬಹುದು. ಸುರುಳಿಯ ಹೊರತುದಿಯನ್ನು ಡಬ್ಬಿಯ ಗೋಡೆಗೆ ಕಟ್ಟದೆ, ಒತ್ತಿಕೊಂಡು ನಿಲ್ಲುವಂತೆ ಮಾತ್ರ ಮಾಡಿರುತ್ತಾರೆ. ಬಿಗಿತ ಮಿತಿ ಮೀರಿದಾಗ ಅದು ಜಾರಿ ಹೆಚ್ಚಿನ ಬಲವನ್ನು ಕಳೆದುಕೊಳ್ಳುತ್ತದೆ. ಕೈಯಿಂದ ತೆಗೆದಿಟ್ಟರೆ ಇಂತಹ ಹಳೆಯ ಗಡಿಯಾರವು ಸುಮಾರು ಒಂದೂವರೆ ದಿನ ನಡೆದು ನಿಲ್ಲುತ್ತದೆ.

ಇನ್ನು ತಾಪದ ಮಾತು. ಸಾಧಾರಣ ಉಕ್ಕಿನ ಹೇರ್‌ಸ್ಪ್ರಿಂಗ್ ಬಿಸಿಯಾದಾಗ ಅದರ ಸ್ಥಿತಿಸ್ಥಾಪಕತ್ವ ಕುಗ್ಗುತ್ತದೆ. ಬ್ಯಾಲೆನ್ಸ್ ಚಕ್ರ ನಿಧಾನವಾಗುತ್ತದೆ. ತಾಪಕ್ಕೆ ತಕ್ಕ ಪರಿಹಾರವಿಲ್ಲದ ಗಡಿಯಾರದಲ್ಲಿ ಒಂದು ಡಿಗ್ರಿ ಸೆಲ್ಸಿಯಸ್ ಏರಿಕೆಗೆ ದಿನಕ್ಕೆ ಹತ್ತು ಸೆಕೆಂಡಿಗೂ ಮಿಕ್ಕು ಹಿಂದೆ ಬೀಳುವುದುಂಟು. ಇಪ್ಪತ್ತು ಡಿಗ್ರಿಯ ತಂಪಿನಲ್ಲಿ ಸರಿಪಡಿಸಿದ ಅಂತಹ ಗಡಿಯಾರ ರಾಯಚೂರಿನ ನಲವತ್ತು ಡಿಗ್ರಿಯಲ್ಲಿ ದಿನಕ್ಕೆ ಮೂರು ನಿಮಿಷಕ್ಕಿಂತ ಹೆಚ್ಚು ತಡಮಾಡುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಷಾರ್ಲ್ ಎಡ್ವರ್ಡ್ ಗಿಯೋಮ್ ಎಂಬ ವಿಜ್ಞಾನಿಯು ನಿಕ್ಕಲ್ ಬೆರೆತ ಉಕ್ಕುಗಳನ್ನು ಪರೀಕ್ಷಿಸುತ್ತ, ಕಾದರೂ ಹಿಗ್ಗದ ‘ಇನ್ವಾರ್’ ಎಂಬ ಮಿಶ್ರಲೋಹವನ್ನೂ, ಸ್ಥಿತಿಸ್ಥಾಪಕತ್ವ ಬದಲಾಗದ ‘ಎಲಿನ್ವಾರ್’ ಎಂಬುದನ್ನೂ ಕಂಡುಹಿಡಿದನು. ೧೯೨೦ರ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ಅವನಿಗೆ ಸಂದಿತು. ಮುತ್ತಜ್ಜನ ಗಡಿಯಾರದ ಹಿಂದೆ ನೊಬೆಲ್ ಪಾರಿತೋಷಕವೊಂದು ಅಡಗಿದೆಯೆಂದು ಎಷ್ಟು ಮಂದಿ ಬಲ್ಲರು? ಹಳೆಯ ಗಡಿಯಾರವನ್ನು ಕೈಗೆತ್ತಿಕೊಂಡಾಗ ನಾವು ಹಿಡಿದಿರುವುದು ಇಂತಹ ಸಂಶೋಧನೆಗಳ ಒಂದು ಕಟ್ಟು.

ಈ ವಸ್ತುಗಳು ನಮ್ಮ ಕಡೆಗೆ ಬಂದ ದಾರಿಯೂ ತಿಳಿಯತಕ್ಕದ್ದೇ. ಮುಂಬಯಿಯಿಂದ ಹೊರಟ ರೈಲು ಮಾರ್ಗವೂ ಮದರಾಸಿನಿಂದ ಹೊರಟ ಮಾರ್ಗವೂ ೧೮೭೧ರಲ್ಲಿ ಒಂದನ್ನೊಂದು ಕೂಡಿದ್ದು ರಾಯಚೂರಿನಲ್ಲಿ. ರೈಲು ಬಂದಲ್ಲಿ ನಿಮಿಷದ ಲೆಕ್ಕವೂ ಬರುತ್ತದೆ. ವೆಸ್ಟ್ ಎಂಡ್ ವಾಚ್ ಕಂಪನಿ, ಫಾವ್ರ್ ಲೂಬಾ ಮೊದಲಾದ ಸ್ವಿಸ್ ಹೆಸರುಗಳು ಇಪ್ಪತ್ತನೆಯ ಶತಮಾನದ ಭಾರತದಲ್ಲಿ ಮನೆಮಾತಾಗಿದ್ದವು. ಸ್ವಾತಂತ್ರ್ಯಾನಂತರ ನಮ್ಮಲ್ಲಿಯೇ ಗಡಿಯಾರ ತಯಾರಾಗಬೇಕೆಂಬ ಸಂಕಲ್ಪದಿಂದ ಬೆಂಗಳೂರಿನ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸಂಸ್ಥೆಯು ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದೊಡನೆ ೧೯೬೧ರಲ್ಲಿ ಕಾರ್ಖಾನೆ ತೆರೆಯಿತು. ಆಗ ಬಂದ ‘ಜನತಾ’ ಕೈಯಿಂದ ಕೀಲಿ ಕೊಡುವಂತಹದು. ಮುಂದೆ ಬಂದ ‘ಕಾಂಚನ್’ ಆಟೋಮ್ಯಾಟಿಕ್. ೧೯೭೮ರಲ್ಲಿ ತುಮಕೂರಿನಲ್ಲಿಯೂ ಕಾರ್ಖಾನೆ ಆರಂಭವಾಯಿತು. ಅಷ್ಟರಲ್ಲಿ ಲೋಕದ ಗಾಳಿ ತಿರುಗಿತ್ತು. ೧೯೬೯ರ ಡಿಸೆಂಬರ್ ೨೫ರಂದು ಜಪಾನಿನ ಸೈಕೋ ಕಂಪನಿ ಮಾರುಕಟ್ಟೆಗೆ ತಂದ ಕ್ವಾರ್ಟ್ಸ್ ಕೈಗಡಿಯಾರ ಸ್ವಿಸ್ ಉದ್ಯಮವನ್ನೇ ಅಲುಗಿಸಿತು. ೧೯೭೦ರ ಸುಮಾರಿಗೆ ಆ ದೇಶದಲ್ಲಿ ತೊಂಬತ್ತು ಸಾವಿರದಷ್ಟಿದ್ದ ಗಡಿಯಾರ ಕೆಲಸಗಾರರ ಸಂಖ್ಯೆ ಹದಿನೈದು ವರ್ಷಗಳಲ್ಲಿ ಅದರ ಅರ್ಧಕ್ಕಿಂತಲೂ ಕೆಳಗಿಳಿಯಿತು. ನಮ್ಮ ಎಚ್‌ಎಂಟಿ ವಾಚಸ್ ಸಂಸ್ಥೆಯನ್ನು ಮುಚ್ಚುವ ನಿರ್ಧಾರವನ್ನು ಕೇಂದ್ರ ಸರ್ಕಾರವು ೨೦೧೬ರಲ್ಲಿ ಕೈಗೊಂಡಿತು. ಆದುದರಿಂದ ಆ ಕಾಲದ ಒಂದೊಂದು ಗಡಿಯಾರವೂ ಮತ್ತೆ ತಯಾರಾಗದ ವಸ್ತು.

ಮತ್ತೆ ತಯಾರಾಗದು ಎಂಬ ಈ ಮಾತಿನ ಮೇಲೆಯೇ ನಮ್ಮ ವಾದ ನಿಂತಿದೆ. ೧೯೮೦ರ ಜನವರಿಯಲ್ಲಿ ಚಿನ್ನದ ಬೆಲೆ ಔನ್ಸಿಗೆ ೮೫೦ ಡಾಲರಿಗೆ ಏರಿದಾಗ ಎಷ್ಟೋ ಚಿನ್ನದ ಗಡಿಯಾರ ಕವಚಗಳು ಮೂಸೆಗೆ ಬಿದ್ದವು. ಚಿನ್ನವನ್ನು ಹಟ್ಟಿಯ ಗಣಿಯಿಂದ ಇನ್ನೂ ತೆಗೆಯಬಹುದು. ಕರಗಿದ ಗಡಿಯಾರವನ್ನು ಯಾವ ಗಣಿಯೂ ಮರಳಿ ಕೊಡಲಾರದು. ಕರಗಿಸುವುದು ಹಾಳುಮಾಡುವುದೆಂಬುದನ್ನು ಎಲ್ಲರೂ ಒಪ್ಪುವರು. ಬಣ್ಣ ಬಳಿಯುವುದೂ ಹಾಳುಮಾಡುವುದೇ ಎಂದರೆ ಮಾತ್ರ ಹುಬ್ಬೇರಿಸುವರು. ಆದುದರಿಂದ ಅದನ್ನು ಬಿಡಿಸಿ ಹೇಳಬೇಕಾಗಿದೆ.

ಹೊರದೇಶದ ಸಂಗ್ರಾಹಕರಲ್ಲಿ ‘ಮುಂಬೈ ಸ್ಪೆಷಲ್’ ಎಂಬ ಅಡ್ಡಹೆಸರೊಂದು ಬಳಕೆಯಲ್ಲಿದೆ. ಭಾರತದಿಂದ ಬರುವ, ಢಾಳವಾದ ಹೊಸ ಬಣ್ಣದ ಡಯಲುಳ್ಳ, ನಾಲ್ಕಾರು ಗಡಿಯಾರಗಳ ಬಿಡಿಭಾಗಗಳನ್ನು ಕೂಡಿಸಿ ಕಟ್ಟಿದ ಹಳೆಯ ಸ್ವಿಸ್ ಗಡಿಯಾರಗಳಿಗೆ ಅವರು ಇಟ್ಟಿರುವ ಹೆಸರಿದು. ಕೇಳಲು ಹಿತವಾದ ಮಾತಲ್ಲ. ನಮ್ಮ ದುರಸ್ತಿಗಾರರ ಮೇಲೆ ಇದರ ಹೊಣೆಯನ್ನೆಲ್ಲ ಹೊರಿಸುವುದು ಅನ್ಯಾಯವೂ ಹೌದು. ವಿದೇಶಿ ಬಿಡಿಭಾಗಗಳು ಸಿಗದ ದಿನಗಳಲ್ಲಿ, ಒಂದು ಗಡಿಯಾರದ ಗಾಲಿಯನ್ನು ಇನ್ನೊಂದಕ್ಕೆ ಹೊಂದಿಸಿ, ಮುರಿದ ಕಡ್ಡಿಯನ್ನು ಕೈಯಿಂದಲೇ ಅರೆದು ಕೂರಿಸಿ, ಬಡವನ ಗಡಿಯಾರವನ್ನು ನಡೆಯುವಂತೆ ಮಾಡಿದ ಕೈಚಳಕ ಅವರದು. ಮಾಸಿದ ಡಯಲಿಗೆ ಬಣ್ಣ ಹಾಕಿಕೊಟ್ಟದ್ದೂ ಗಿರಾಕಿ ಕೇಳಿದ್ದರಿಂದಲೇ. ದಿನಬಳಕೆಯ ವಸ್ತುವಾಗಿದ್ದಾಗ ಅದರಲ್ಲಿ ತಪ್ಪೇನೂ ಇರಲಿಲ್ಲ. ಇಂದು ಸ್ಥಿತಿ ಬೇರೆ. ಸರಿಯಾದ ಕಾಲಕ್ಕಾಗಿ ಯಾರೂ ಹಳೆಯ ಆಟೋಮ್ಯಾಟಿಕನ್ನು ಕೊಳ್ಳುವುದಿಲ್ಲ. ಸೆಕೆಂಡಿಗೆ ೩೨,೭೬೮ ಬಾರಿ ಕಂಪಿಸುವ ಅಗ್ಗದ ಕ್ವಾರ್ಟ್ಸ್ ಗಡಿಯಾರವೇ ಅದಕ್ಕಿಂತ ನಿಖರವಾಗಿದೆ. ಹಳೆಯದೆಂಬ ಕಾರಣಕ್ಕಾಗಿಯೇ ಕೊಳ್ಳುವಾಗ, ಅದರ ಹಳೆಯತನವನ್ನೇ ಕೆರೆದು ತೆಗೆದರೆ ಉಳಿಯುವುದೇನು?

ಈಗ ಮೊದಲು ಸೂಚಿಸಿದ ನಿದರ್ಶನಕ್ಕೆ ಬರೋಣ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ೧೯೧೫ರಲ್ಲಿ, ಚಿನ್ನದ ನಿಕ್ಷೇಪಗಳನ್ನು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರಿಗೆ ಬಂಡೆಯೊಂದರ ಮೇಲೆ ಬ್ರಾಹ್ಮೀ ಲಿಪಿಯ ಶಾಸನ ಕಂಡಿತು. ಅದಕ್ಕೆ ಮುನ್ನ ದೊರೆತಿದ್ದ ಧರ್ಮಶಾಸನಗಳಲ್ಲಿ ಅರಸನನ್ನು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಿಂದಲೇ ಕರೆದಿತ್ತು. ಆ ಅರಸನು ಅಶೋಕನೇ ಎಂದು ವಿದ್ವಾಂಸರು ಸಿಂಹಳದ ಗ್ರಂಥಗಳ ನೆರವಿನಿಂದ ಊಹಿಸಿದ್ದರು. ಮಸ್ಕಿಯ ಬಂಡೆಯಲ್ಲಿ ‘ಅಶೋಕ’ ಎಂಬ ಹೆಸರೇ ಇದ್ದು, ಊಹೆ ನಿಶ್ಚಯವಾಯಿತು. ಆ ಶಾಸನದ ಅಕ್ಷರಗಳು ಅಲ್ಲಲ್ಲಿ ಸವೆದಿವೆ. ಶಾಸನ ಬೆಳಕಿಗೆ ಬರುವ ಮೊದಲೇ ಯಾರೋ ಒಬ್ಬ ಸದ್ಭಕ್ತನು ‘ಅಕ್ಷರಗಳು ಅಳಿಸಿಹೋಗುತ್ತಿವೆ, ಪಾಪ’ ಎಂದು ಮರುಗಿ ಬಂಡೆಯನ್ನು ಒರೆದು ನುಣುಪುಮಾಡಿ, ತನಗೆ ತೋರಿದಂತೆ ಹೊಸದಾಗಿ ಕೆತ್ತಿಸಿದ್ದರೆ ಏನಾಗುತ್ತಿತ್ತು? ಬಂಡೆ ಸುಂದರವಾಗಿರುತ್ತಿತ್ತು. ಚರಿತ್ರೆಗೆ ಅದರಿಂದ ಮೂರು ಕಾಸಿನ ಉಪಯೋಗವೂ ಆಗುತ್ತಿರಲಿಲ್ಲ. ಸವೆದ ಅಕ್ಷರವನ್ನು ಓದಬಹುದು, ಚರ್ಚಿಸಬಹುದು. ಮರುಕೆತ್ತಿದ ಅಕ್ಷರವು ಕೆತ್ತಿಸಿದವನ ಊಹೆಯನ್ನಷ್ಟೇ ಹೇಳುತ್ತದೆ.

ಗಡಿಯಾರವೂ ತನ್ನ ಮಟ್ಟಿಗೆ ಒಂದು ಶಾಸನ. ಹಿಂಬದಿಯ ಮುಚ್ಚಳವನ್ನು ತೆರೆದು ನೋಡಿದರೆ, ಅನೇಕ ಬಾರಿ ಅದರ ಒಳಮೈಯಲ್ಲಿ ಸೂಜಿಮೊನೆಯಿಂದ ಗೀಚಿದ ಪುಟ್ಟ ಗುರುತುಗಳು ಕಾಣುತ್ತವೆ. ಇವು ಹಿಂದಿನ ದುರಸ್ತಿಗಾರರು ತಾವು ಶುಚಿಮಾಡಿದ ದಿನಾಂಕವನ್ನೋ ಸಂಕೇತವನ್ನೋ ಬರೆದಿಟ್ಟ ಲೆಕ್ಕ. ಕವಚದ ಕ್ರಮಸಂಖ್ಯೆ, ಯಂತ್ರದ ಮೇಲಿನ ಮುದ್ರೆ, ಡಯಲಿನ ಕೆಳ ಅಂಚಿನ ಸಣ್ಣ ಬರಹ, ಬಿಸಿಲಿಗೆ ಕಂದಿದ ಬಣ್ಣ—ಇವೆಲ್ಲವೂ ಅದು ಎಂದು ಹುಟ್ಟಿತು, ಎಲ್ಲಿ ಬಾಳಿತು, ಯಾರ ಕೈ ದಾಟಿ ಬಂತು ಎಂಬುದನ್ನು ಸಾರುತ್ತವೆ. ಉಜ್ಜುವ ಯಂತ್ರಕ್ಕೆ ಅಕ್ಷರಜ್ಞಾನವಿಲ್ಲ. ಅದು ಎಲ್ಲವನ್ನೂ ಒಂದೇ ಸಮ ಅಳಿಸುತ್ತದೆ.

ಡಯಲಿನ ಸಾಕ್ಷ್ಯವನ್ನು ಓದಲು ಭೌತವಿಜ್ಞಾನ ಹೇಗೆ ನೆರವಾಗುತ್ತದೆಂಬುದಕ್ಕೆ ಕತ್ತಲಲ್ಲಿ ಹೊಳೆಯುವ ಅಂಕಿಗಳೇ ಸಾಕು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಇಂತಹ ಅಂಕಿಗಳಿಗೆ ರೇಡಿಯಂ ಬೆರೆತ ಬಣ್ಣವನ್ನು ಹಚ್ಚುತ್ತಿದ್ದರು. ೧೯೬೦ರ ದಶಕದಿಂದ ಅದರ ಸ್ಥಾನದಲ್ಲಿ ಟ್ರಿಷಿಯಂ ಬಂದಿತು. ಟ್ರಿಷಿಯಂ ಇರುವ ಬಹಳಷ್ಟು ಡಯಲುಗಳಲ್ಲಿ ‘ಸ್ವಿಸ್’ ಎಂಬ ಪದದ ಎರಡು ಪಕ್ಕಗಳಲ್ಲಿಯೂ ‘ಟಿ’ ಅಕ್ಷರವಿರುತ್ತದೆ. ಟ್ರಿಷಿಯಮ್ಮಿನ ಅರ್ಧಾಯುಷ್ಯ ೧೨.೩ ವರ್ಷ. ಅರುವತ್ತು ವರ್ಷಗಳಲ್ಲಿ ಅದು ಸುಮಾರು ಐದು ಬಾರಿ ಅರ್ಧವಾಗಿ, ನೂರರಲ್ಲಿ ಮೂರು ಭಾಗದಷ್ಟು ಮಾತ್ರ ಉಳಿದಿರುತ್ತದೆ. ಆದುದರಿಂದ ೧೯೬೫ರದೆಂದು ಹೇಳುವ ಅಂತಹ ಗಡಿಯಾರವು ಇಂದು ಇರುಳೆಲ್ಲ ಮಿಂಚುಹುಳದಂತೆ ಹೊಳೆದರೆ, ಅದರ ಬಣ್ಣ ಈಚಿನದೆಂದು ತಿಳಿಯಬೇಕು. ರೇಡಿಯಮ್ಮಿನ ಸಂಗತಿ ಇದಕ್ಕೆ ವಿಪರೀತ. ಅದರ ಅರ್ಧಾಯುಷ್ಯ ಸುಮಾರು ೧,೬೦೦ ವರ್ಷ. ಎಂಬತ್ತು ವರ್ಷಗಳಲ್ಲಿ ನೂರರಲ್ಲಿ ಮೂರು ಭಾಗದಷ್ಟು ಮಾತ್ರ ಕಳೆದುಹೋಗಿರುತ್ತದೆ. ಆದರೂ ಹಳೆಯ ರೇಡಿಯಂ ಡಯಲುಗಳು ಹೊಳೆಯುವುದಿಲ್ಲ. ಏಕೆಂದರೆ ವಿಕಿರಣದ ಪೆಟ್ಟಿಗೆ ಬೆಳಕು ಬೀರುತ್ತಿದ್ದ ಜಿಂಕ್ ಸಲ್ಫೈಡಿನ ಹರಳುಗಳು ಆ ಪೆಟ್ಟಿನಿಂದಲೇ ಜೀರ್ಣವಾಗಿರುತ್ತವೆ. ಬೆಳಕು ಆರಿದೆ, ವಿಕಿರಣ ಆರಿಲ್ಲ.

ಇಲ್ಲಿ ಪ್ರಶ್ನೆ ಚರಿತ್ರೆಯದಷ್ಟೇ ಅಲ್ಲ, ಆರೋಗ್ಯದ್ದೂ ಹೌದು. ಅಮೆರಿಕದ ನ್ಯೂಜೆರ್ಸಿಯ ಕಾರ್ಖಾನೆಯಲ್ಲಿ ೧೯೧೭ರಿಂದ ಮೊದಲುಗೊಂಡು ಡಯಲುಗಳಿಗೆ ರೇಡಿಯಂ ಬಣ್ಣ ಹಚ್ಚುತ್ತಿದ್ದ ತರುಣಿಯರು ಕುಂಚದ ತುದಿಯನ್ನು ತುಟಿಯಿಂದ ಚೂಪುಮಾಡಿಕೊಳ್ಳುತ್ತಿದ್ದರು. ದೇಹ ಸೇರಿದ ರೇಡಿಯಂ ಅವರ ಎಲುಬುಗಳಲ್ಲಿ ನೆಲೆಸಿತು. ದವಡೆ ಕೊಳೆತು, ರಕ್ತ ಕೆಟ್ಟು ಅನೇಕರು ಪ್ರಾಣ ಬಿಟ್ಟರು. ಬದುಕಿದ್ದ ಐವರು ಹೂಡಿದ ದಾವೆ ೧೯೨೮ರಲ್ಲಿ ರಾಜಿಯಾಯಿತು. ಗಾಜಿನಿಂದ ಮುಚ್ಚಿದ ಹಳೆಯ ಗಡಿಯಾರವು ಅಷ್ಟು ಭಯಂಕರವಲ್ಲ, ನಿಜ. ಗಾಜೂ ಲೋಹವೂ ಆಲ್ಫಾ ಕಣಗಳನ್ನು ತಡೆಯುತ್ತವೆ. ಆದರೆ ಅದರ ಡಯಲನ್ನು ಬಿಚ್ಚಿ ಬಣ್ಣ ಕೆರೆದಾಗ ಏಳುವ ನುಣ್ಣನೆಯ ಪುಡಿ ಉಸಿರಿನೊಡನೆ ಒಳಹೋಗಬಹುದು. ಕೈಗಂಟಿ ಊಟದ ಜೊತೆ ಹೊಟ್ಟೆ ಸೇರಬಹುದು. ಇಕ್ಕಟ್ಟಾದ ಕೋಣೆಯಲ್ಲಿ ದಿನವೂ ಡಯಲು ಕೆರೆಯುವ ಕೆಲಸಗಾರನಿಗೆ ಆ ಅಪಾಯದ ಹೆಸರೂ ಗೊತ್ತಿರಲಾರದು. ನಮಗೆ ‘ಹೊಸದರಂತೆ’ ಕಾಣುವ ಗಡಿಯಾರಕ್ಕಾಗಿ ಇನ್ನೊಬ್ಬನು ತನ್ನ ಎಲುಬನ್ನು ಒತ್ತೆಯಿಡಬೇಕೆ? ಪುನಃ ಬಣ್ಣ ಬಳಿಯುವುದನ್ನು ವಿರೋಧಿಸಲು ಇದೊಂದೇ ಕಾರಣ ಸಾಕಾಗಿತ್ತು. ರೇಡಿಯಂ ಡಯಲಿನ ಗಡಿಯಾರ ಮನೆಯಲ್ಲಿದ್ದರೆ ಅದನ್ನು ಬಿಚ್ಚದಿರುವುದೂ, ಗಾಳಿಯಾಡುವ ಕಡೆ ಇಡುವುದೂ ಕ್ಷೇಮ.

ನಮ್ಮ ವಾದಕ್ಕೆ ಮೂರು ಆಕ್ಷೇಪಗಳು ಬರಬಹುದು. ಗಡಿಯಾರ ನನ್ನದು, ನನಗೆ ಬೇಕಾದ ಬಣ್ಣ ಹಾಕಿಸುವೆನು, ಕೇಳಲು ನೀವಾರು ಎಂಬುದು ಮೊದಲನೆಯದು. ಹಕ್ಕು ಇದೆ, ಒಪ್ಪೋಣ. ಹಾಕಿಸಿದ ಬಣ್ಣವನ್ನು ಮುಚ್ಚಿಟ್ಟು ಮಾರುವ ಹಕ್ಕು ಮಾತ್ರ ಯಾರಿಗೂ ಇಲ್ಲ. ಹಳೆಯ ಸ್ಮಾರಕಗಳ ಜೀರ್ಣೋದ್ಧಾರದ ಬಗ್ಗೆ ೧೯೬೪ರಲ್ಲಿ ವೆನಿಸ್ ನಗರದಲ್ಲಿ ತಜ್ಞರು ಒಪ್ಪಿಕೊಂಡ ಸನ್ನದಿನಲ್ಲಿ ಒಂದು ವಿವೇಕದ ನಿಯಮವಿದೆ: ಹೊಸದಾಗಿ ಸೇರಿಸಿದ ಭಾಗವು ಹಳೆಯದಕ್ಕೆ ಹೊಂದಿಕೊಂಡಿರಬೇಕು, ಆದರೆ ಹೊಸದೆಂದು ಗುರುತಿಸುವಂತೆಯೂ ಇರಬೇಕು. ಗುಡಿಗೆ ಸಲ್ಲುವ ಈ ನಿಯಮ ಗಡಿಯಾರಕ್ಕೂ ಸಲ್ಲುತ್ತದೆ.

ಜನ ಹೊಳಪನ್ನೇ ಬಯಸುವರು, ಮಾಸಿದ್ದಕ್ಕೆ ಬೆಲೆ ಬಾರದು ಎಂಬುದು ಎರಡನೆಯ ಆಕ್ಷೇಪ. ಬಲ್ಲವರ ಮಾರುಕಟ್ಟೆಯಲ್ಲಿ ನಡೆಯುತ್ತಿರುವುದು ಇದಕ್ಕೆ ತದ್ವಿರುದ್ಧ. ಚಲನಚಿತ್ರ ನಟ ಪಾಲ್ ನ್ಯೂಮನ್ ಧರಿಸುತ್ತಿದ್ದ ರೋಲೆಕ್ಸ್ ಡೇಟೋನಾ ಗಡಿಯಾರವು ೨೦೧೭ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಒಂದು ಕೋಟಿ ಎಪ್ಪತ್ತೇಳು ಲಕ್ಷ ಡಾಲರಿಗೂ ಮಿಕ್ಕ ಬೆಲೆಗೆ ಹೋಯಿತು. ಅದು ಆಟೋಮ್ಯಾಟಿಕ್ ಕೂಡ ಅಲ್ಲ, ಕೈಯಿಂದ ಕ��ಲಿ ಕೊಡುವಂತಹದು. ಕವಚ ಚಿನ್ನದ್ದಲ್ಲ, ಉಕ್ಕಿನದು. ವಾಹನವನ್ನು ಎಚ್ಚರದಿಂದ ನಡೆಸೆಂದು ಅವನ ಪತ್ನಿ ಹಿಂಬದಿಯಲ್ಲಿ ಕೆತ್ತಿಸಿದ್ದ ಮಾತು ಹಾಗೆಯೇ ಉಳಿದಿತ್ತು. ಯಾರಾದರೂ ಅದನ್ನು ಉಜ್ಜಿ ನುಣುಪು ಮಾಡಿದ್ದರೆ ಆ ಬೆಲೆ ಎಲ್ಲಿಂದ ಬರುತ್ತಿತ್ತು? ಆ ಕೊಳ್ಳುಗನು ಹಣ ತೆತ್ತದ್ದು ಲೋಹಕ್ಕಲ್ಲ, ಇತಿಹಾಸಕ್ಕೆ.

ಇದೆಲ್ಲ ಸಿರಿವಂತರ ವಿನೋದ, ನಮಗೇಕೆ ಎಂಬುದು ಮೂರನೆಯ ಆಕ್ಷೇಪ. ಇದರಲ್ಲಿ ಸತ್ಯಾಂಶವಿದೆ. ಹೆಸರಾಂತ ಸ್ವಿಸ್ ಆಟೋಮ್ಯಾಟಿಕ್ ಗಡಿಯಾರವನ್ನು ಕೊಳ್ಳುವ ಆಸೆಗೆ ಬಿದ್ದು ವಿದ್ಯಾರ್ಥಿಗಳು ಹಣ ಕಳೆದುಕೊಳ್ಳಬೇಕೆಂದು ನಾವು ಹೇಳುವುದಿಲ್ಲ. ಆದರೆ ಸಂಗ್ರಹವೆಂದರೆ ಕೊಂಡು ತಂದು ಪೆಟ್ಟಿಗೆಯಲ್ಲಿ ತುಂಬುವುದೆಂದೇ ಏಕೆ ತಿಳಿಯಬೇಕು? ಅಜ್ಜನ ಟ್ರಂಕಿನಲ್ಲಿ ಬಿದ್ದಿರುವ ಒಂದು ಜನತಾ ಗಡಿಯಾರ, ಒಂದು ಕೈವರ್ತಕ, ಒಂದು ನೋಟುಬುಕ್ಕು—ಇಷ್ಟಿದ್ದರೆ ಅಭ್ಯಾಸ ಆರಂಭಿಸಬಹುದು. ದೂರವಾಣಿಯ ಗಡಿಯಾರಕ್ಕೆ ಹೋಲಿಸಿ ಒಂದು ವಾರ ದಿನವೂ ಅದು ಎಷ್ಟು ಸೆಕೆಂಡು ಮುಂದೆ ಅಥವಾ ಹಿಂದೆ ಓಡಿತೆಂಬುದನ್ನು ಬರೆದಿಡಿ. ಒಂದು ವಾರ ಮುಖ ಮೇಲಾಗಿ, ಮರುವಾರ ಗುಬುಟು ಕೆಳಗಾಗಿ ಇಟ್ಟು ನೋಡಿದರೆ, ಗುರುತ್ವಾಕರ್ಷಣೆಯು ಬ್ಯಾಲೆನ್ಸ್ ಚಕ್ರದ ಮೇಲೆ ಮಾಡುವ ಪರಿಣಾಮ ಅಂಕಿಗಳಲ್ಲಿಯೇ ಕಾಣುತ್ತದೆ. ಸಿರವಾರದ ವಿದ್ಯಾರ್ಥಿಗೆ ಇಲ್ಲೊಂದು ಅನುಕೂಲವೂ ಉಂಟು. ಡಿಸೆಂಬರಿನ ಬೆಳಗಿನಲ್ಲಿಯೂ ಮೇ ತಿಂಗಳ ನಡುಹಗಲಿನಲ್ಲಿಯೂ ಇದೇ ಪ್ರಯೋಗ ಮಾಡಿದರೆ ಗಿಯೋಮನ ಮಿಶ್ರಲೋಹದ ಮಹತ್ತ್ವ ತಾನೇ ಮನದಟ್ಟಾಗುತ್ತದೆ. ಧ್ವನಿವರ್ಧಕದಂತಹ ಕಾಂತವುಳ್ಳ ವಸ್ತುಗಳಿಂದ ಗಡಿಯಾರವನ್ನು ದೂರವಿಡಬೇಕು. ಕಾಂತ ಹಿಡಿದ ಹೇರ್‌ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟಿ ಗಡಿಯಾರ ಹುಚ್ಚುಕುದುರೆಯಂತೆ ಓಡತೊಡಗುತ್ತದೆ.

ಹಾಗಾದರೆ ಕೆಟ್ಟ ಗಡಿಯಾರವನ್ನು ಮುಟ್ಟಲೇಬಾರದೆ? ಖಂಡಿತ ಮುಟ್ಟಬೇಕು. ಒಣಗಿದ ಎಣ್ಣೆಯೊಡನೆ ನಡೆಯುವ ಯಂತ್ರ ತನ್ನನ್ನೇ ಸವೆಸಿಕೊಳ್ಳುತ್ತದೆ. ಎಣ್ಣೆ, ದೊಡ್ಡ ಸುರುಳಿ, ನೀರು ತಡೆಯುವ ರಬ್ಬರು ಬಳೆ ಇವು ಸವೆದು ಬದಲಾಗಬೇಕೆಂದೇ ಇರುವ ಭಾಗಗಳು. ನುರಿತವರ ಕೈಯಿಂದ ಅವನ್ನು ಬದಲಿಸುವುದು ಯುಕ್ತ. ಡಯಲು, ಮುಳ್ಳುಗಳು, ಕೆತ್ತನೆಗಳು, ಕವಚದ ಅಂಚುಗಳು ಇವು ಸಾಕ್ಷಿಯ ಭಾಗಗಳು. ಇವನ್ನು ಇದ್ದಂತೆಯೇ ಬಿಡಬೇಕು. ಯಾವುದಾದರೂ ಭಾಗವನ್ನು ಬದಲಿಸಲೇಬೇಕಾದರೆ ಹಳೆಯದನ್ನು ಪುಟ್ಟ ಪೊಟ್ಟಣದಲ್ಲಿ ಕಟ್ಟಿ ಗಡಿಯಾರದೊಡನೆ ಇಡಬೇಕು. ಏನನ್ನು, ಎಂದು, ಏಕೆ ಬದಲಿಸಿದೆವೆಂದು ಬರೆದಿಡಬೇಕು. ಕೊಳ್ಳುವವನು ಕೇಳುವ ಮೊದಲೇ ಮಾರುವವನು ಅದನ್ನು ತೋರಿಸಬೇಕು. ಇಷ್ಟು ಶಿಸ್ತು ಬಂದರೆ ‘ಮುಂಬೈ ಸ್ಪೆಷಲ್’ ಎಂಬ ಹೀಯಾಳಿಕೆ ತಾನಾಗಿಯೇ ಬಿದ್ದುಹೋಗುತ್ತದೆ.

ಕಡೆಯದಾಗಿ ದುರಸ್ತಿಗಾರರ ವಿಷಯ. ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು, ಚಿಮಟದ ತುದಿಯಲ್ಲಿ ಕೂದಲೆಳೆಯ ಸುರುಳಿಯನ್ನು ನೇರಮಾಡಬಲ್ಲವರು ನಮ್ಮ ಊರುಗಳಲ್ಲಿ ದಿನೇ ದಿನೇ ವಿರಳವಾಗುತ್ತಿದ್ದಾರೆ. ಅವರ ವಿದ್ಯೆ ಪುಸ್ತಕದಿಂದ ಬಂದುದಲ್ಲ, ಗುರುವಿನ ಕೈ ನೋಡಿ ಕಲಿತದ್ದು. ಅದು ಅವರೊಡನೆಯೇ ಮರೆಯಾಗಬಹುದು. ರಾಯಚೂರು, ಮಾನ್ವಿ, ದೇವದುರ್ಗ, ಸಿರವಾರಗಳ ವಿದ್ಯಾರ್ಥಿಗಳು ತಮ್ಮ ಊರಿನ ದುರಸ್ತಿಗಾರರ ಬಳಿ ಅಪ್ಪಣೆ ಕೇಳಿ ಕುಳಿತು, ಅವರು ಮಾಡುವ ಕೆಲಸವನ್ನೂ, ಬಿಡಿಭಾಗಗಳಿಗೆ ಅವರಲ್ಲಿ ರೂಢಿಯಲ್ಲಿರುವ ಹೆಸರುಗಳನ್ನೂ ಬರೆದುಕೊಂಡರೆ, ಅದು ಯಾವ ಸಿರಿವಂತನ ಸಂಗ್ರಹಕ್ಕೂ ಕಡಮೆಯಾಗದ ಸಂಗ್ರಹವಾಗುತ್ತದೆ. ಬೆಂಗಳೂರಿಗೆ ಹೋದಾಗ ಜಾಲಹಳ್ಳಿಯ ಎಚ್‌ಎಂಟಿ ವಸ್ತುಸಂಗ್ರಹಾಲಯವನ್ನೂ ನೋಡಿ ಬರಬಹುದು.

ಮನೆಯ ಹಳೆಯ ಗಡಿಯಾರ ಮಾಸಿದ್ದರೆ ನಾಚಬೇಕಾದುದಿಲ್ಲ. ಅದರ ಕಲೆಗಳಲ್ಲಿ ಒಂದು ಮನೆತನದ ದುಡಿಮೆಯಿದೆ, ಒಂದು ಕಾಲದ ವಿಜ್ಞಾನವಿದೆ. ಬಣ್ಣದ ಡಬ್ಬಿಯನ್ನು ಬದಿಗಿಡೋಣ. ಮೊದಲು ಅದನ್ನು ಓದಲು ಕಲಿಯೋಣ.